ಡಾರ್ಟ್‌ಮೂರಿನ ಬದುಗಳು

ಷರ್ಲಾಕ್ ಹೋಮ್ಸ್‌ನ ಕತೆ ಓದಿದವರಿಗೆ ಡಾರ್ಟ್‌ಮೂರ್ ಹೊಸ ಹೆಸರೇನಲ್ಲ. ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ಕಾದಂಬರಿಯ ಮಂಜು, ಜೌಗು, ರಾತ್ರಿ ಊಳಿಡುವ ನಾಯಿ, ಜೈಲಿನಿಂದ ತಪ್ಪಿಸಿಕೊಂಡ ಕೈದಿ, ಎಲ್ಲವೂ ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಸೀಮೆಯಲ್ಲಿರುವ ಈ ಎತ್ತರದ ಬಯಲಿಗೆ ಸೇರಿದವು. ಆರ್ಥರ್ ಕಾನನ್ ಡಾಯ್ಲ್ 1901ರಲ್ಲಿ ಅಲ್ಲಿನ ಪ್ರಿನ್ಸ್‌ಟೌನ್‌ನಲ್ಲಿ ತಂಗಿ, ಬಯಲೆಲ್ಲ ಸುತ್ತಾಡಿ ಈ ಕತೆಯನ್ನು ಕಟ್ಟಿದ. ಅದರಲ್ಲಿ ಹೋಮ್ಸ್ ಕೆಲವು ದಿನ ಯಾರ ಕಣ್ಣಿಗೂ ಬೀಳದೆ ಅಡಗಿರುವುದು ಇತಿಹಾಸಪೂರ್ವ ಕಾಲದ ಒಂದು ಕಲ್ಲುಗುಡಿಸಲಿನಲ್ಲಿ. ಪತ್ತೇದಾರಿಯ ಗುಂಗಿನಲ್ಲಿರುವ ಓದುಗ ಆ ಗುಡಿಸಲನ್ನು ದಾಟಿ ಮುಂದೆ ಓಡುತ್ತಾನೆ. ಈ ಬರಹಕ್ಕೆ ಬೇಕಾದದ್ದು ಆ ಗುಡಿಸಲೇ. ಅದನ್ನು ಯಾರು ಕಟ್ಟಿದರು, ಅಂಥ ಬೋಳು ಬಯಲಿನಲ್ಲಿ ಏಕೆ ಕಟ್ಟಿದರು, ಆಮೇಲೆ ಬಿಟ್ಟು ಎಲ್ಲಿಗೆ ಹೋದರು?

ಡಾರ್ಟ್‌ಮೂರ್ 1951ರಿಂದ ರಾಷ್ಟ್ರೀಯ ಉದ್ಯಾನ. ವಿಸ್ತೀರ್ಣ 954 ಚದರ ಕಿಲೋಮೀಟರ್. ಅಡಿಯಲ್ಲಿ ಸುಮಾರು 28 ಕೋಟಿ ವರ್ಷ ಹಳೆಯ ಗ್ರಾನೈಟ್ ಇದೆ. ಬೋಳುಗುಡ್ಡಗಳ ನೆತ್ತಿಯ ಮೇಲೆ ಅದೇ ಗ್ರಾನೈಟ್ ಒಡೆದು, ಸವೆದು, ಬಂಡೆಯ ಮೇಲೆ ಬಂಡೆ ಪೇರಿಸಿದಂತೆ ನಿಂತಿದೆ. ಈ ಬಂಡೆಗುಡ್ಡೆಗಳನ್ನು ಅಲ್ಲಿಯವರು ಟಾರ್ ಎನ್ನುತ್ತಾರೆ. ಅತಿ ಎತ್ತರದ ಹೈ ವಿಲ್‌ಹೇಸ್ ಕೂಡ 621 ಮೀಟರ್ ಮಾತ್ರ, ನಮ್ಮ ಮಡಿಕೇರಿಗಿಂತ ತಗ್ಗು. ಆದರೆ ಅಟ್ಲಾಂಟಿಕ್ ಸಾಗರದಿಂದ ಬರುವ ಗಾಳಿಮಳೆಗೆ ಈ ಬಯಲು ಎದುರಾಗಿ ನಿಂತಿರುವುದರಿಂದ ವರ್ಷವಿಡೀ ಒದ್ದೆ, ಚಳಿ, ಮಂಜು. ನಡುಭಾಗದಲ್ಲಿ ಮರವೇ ಇಲ್ಲವೆನ್ನಬಹುದು. ಹುಲ್ಲು, ಹೀದರ್ ಪೊದೆ, ಜರೀಗಿಡ, ಕೆಸರು, ಅಲ್ಲಲ್ಲಿ ಮೇಯುವ ಗಿಡ್ಡ ಕುದುರೆಗಳು. ನೋಡಲು ಹೋದವರು ಇದನ್ನು ಮನುಷ್ಯರ ಕೈ ಸೋಕದ ಕಾಡುಸೀಮೆ ಎಂದು ಹೊಗಳಿ ಬರುತ್ತಾರೆ. ಈ ಹೊಗಳಿಕೆಯನ್ನು ನಾನು ಒಪ್ಪುವುದಿಲ್ಲ. ಆ ಬಯಲು ಬೋಳಾದದ್ದರಲ್ಲಿ ಮನುಷ್ಯನ ಪಾಲಿದೆ, ಮತ್ತು ಅವನು ಬರೆದಿಟ್ಟ ಲೆಕ್ಕಪತ್ರ ಇನ್ನೂ ಆ ನೆಲದ ಮೇಲೇ ಇದೆ.

ಹಿಮಯುಗ ಕಳೆದ ಮೇಲೆ ಈ ಗುಡ್ಡಗಳನ್ನೂ ಕಾಡು ಏರಿತ್ತು. ಓಕ್, ಹೇಝಲ್, ಬರ್ಚ್ ಮರಗಳ ಪರಾಗ ಅಲ್ಲಿನ ಪೀಟ್ ಪದರಗಳಲ್ಲಿ ಸಿಕ್ಕಿದೆ. ನೀರು ನಿಂತ ನೆಲದಲ್ಲಿ ಗಾಳಿಯಾಡದೆ, ಪೂರ್ತಿ ಕೊಳೆಯದೆ, ಸಾವಿರಾರು ವರ್ಷ ಪದರ ಪದರವಾಗಿ ಕೂಡಿಕೊಂಡ ಗಿಡಗಂಟಿಯ ಕಪ್ಪು ರಾಶಿಯೇ ಪೀಟ್. ಪ್ರತಿ ಪದರದಲ್ಲೂ ಆಯಾ ಕಾಲದ ಪರಾಗ ಸೇರಿಕೊಂಡಿರುವುದರಿಂದ, ಮೇಲಿನಿಂದ ಕೆಳಗೆ ಕೊರೆದು ತೆಗೆದ ಪೀಟನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಯಾವಾಗ ಯಾವ ಮರ ಇತ್ತು, ಯಾವಾಗ ಹೋಯಿತು ಎಂದು ತಿಳಿಯುತ್ತದೆ. ತಳದ ಪದರಗಳಲ್ಲಿ ಪರಾಗದ ಜೊತೆಗೆ ಇದ್ದಿಲಿನ ಚೂರುಗಳೂ ಸಿಕ್ಕುತ್ತವೆ. ಬೇಸಾಯ ಇನ್ನೂ ಬಾರದ ಕಾಲದಲ್ಲಿಯೇ ಬೇಟೆಗಾರರು ಕಾಡಿನ ಮೇಲಂಚಿಗೆ ಬೆಂಕಿ ಹಾಕುತ್ತಿದ್ದರೆಂದು ಸಂಶೋಧಕರು ಇದರಿಂದ ಊಹಿಸಿದ್ದಾರೆ. ಸುಟ್ಟ ಜಾಗದಲ್ಲಿ ಎಳೆ ಹುಲ್ಲು ಚಿಗುರಿದರೆ ಜಿಂಕೆ ತಾನಾಗಿ ಬರುತ್ತದೆ. ಬೇಸಾಯಗಾರರು ಬಂದ ಮೇಲೆ ಕಡಿತ ಹೆಚ್ಚಿತು. ಮರ ಹೋದ ನೆಲದ ಮೇಲೆ ಮಳೆ ನೇರವಾಗಿ ಬಿದ್ದು ಸಾರವನ್ನು ತೊಳೆಯಿತು. ತೊಳೆದ ಕಬ್ಬಿಣದ ಅಂಶ ಒಂದೆರಡು ಅಡಿ ಕೆಳಗೆ ಗಟ್ಟಿ ತಗಡಿನಂತೆ ಕೂತು ನೀರನ್ನು ಇಂಗಗೊಡಲಿಲ್ಲ. ನೆಲ ಜೌಗಾಯಿತು, ಪೀಟ್ ಹರಡಿತು. ಮಳೆ ಹೆಚ್ಚಿದ್ದೂ ಕಾರಣವೇ. ಮನುಷ್ಯನ ಪಾಲೆಷ್ಟು, ಹವೆಯ ಪಾಲೆಷ್ಟು ಎಂಬ ವಾದ ಇಂದಿಗೂ ನಡೆದಿದೆ.

ಹೋಮ್ಸ್ ಅಡಗಿದಂಥ ಗುಡಿಸಲುಗಳ ಗುರುತು ಡಾರ್ಟ್‌ಮೂರಿನಲ್ಲಿ ಸುಮಾರು 5,000 ಇವೆ. ಈಗ ಉಳಿದಿರುವುದು ಮೊಣಕಾಲೆತ್ತರದ ದುಂಡು ಕಲ್ಲುಗೋಡೆ, ಅದರಲ್ಲಿ ಒಂದು ಬಾಗಿಲ ಜಾಗ. ಮೇಲೆ ಮರದ ಕಂಬಗಳು ಹೊತ್ತ ಹುಲ್ಲಿನ ಶಂಕುಚಾವಣಿ ಇತ್ತು. ಹೆಚ್ಚಿನವು ಕ್ರಿ.ಪೂ. ಎರಡನೇ ಸಹಸ್ರಮಾನದವು, ಅಂದರೆ ಕಂಚಿನ ಯುಗದವು. ಬಹುಪಾಲು ಬಾಗಿಲುಗಳು ದಕ್ಷಿಣಕ್ಕೋ ಆಗ್ನೇಯಕ್ಕೋ ಮುಖ ಮಾಡಿವೆ, ಗಾಳಿಗೆ ಬೆನ್ನು ಕೊಟ್ಟು ಬಿಸಿಲಿಗೆ ತೆರೆದುಕೊಂಡಿವೆ. ಇವುಗಳಲ್ಲಿ ಹೆಸರಾದದ್ದು ಗ್ರಿಮ್ಸ್‌ಪೌಂಡ್. ಹುಕ್ನಿ ಟಾರ್ ಮತ್ತು ಹ್ಯಾಮೆಲ್‌ಡೌನ್ ಎಂಬ ಎರಡು ಏರುಗಳ ನಡುವಿನ ತಗ್ಗಿನಲ್ಲಿ ದಪ್ಪ ಕಲ್ಲಿನ ದುಂಡು ಪೌಳಿ, ಒಳಗೆ 24 ಮನೆಗಳ ತಳಪಾಯ. ಪೌಳಿಯ ಹೆಬ್ಬಾಗಿಲು ಗುಡ್ಡದ ಕಡೆಗಿದೆ. ಶತ್ರುವಿಗೆ ಹೆದರಿ ಕಟ್ಟಿದ ಕೋಟೆಯಾಗಿದ್ದರೆ ಏರಿನ ಕಡೆಗೆ ಬಾಗಿಲು ಇಡುತ್ತಿರಲಿಲ್ಲ. ಮೇಯಲು ಹೋದ ದನ ಸಂಜೆ ಇಳಿದು ಬರುವ ದಾರಿ ಅದು ಎನ್ನುವುದು ನನಗೆ ಹೆಚ್ಚು ಒಪ್ಪಿಗೆಯಾಗುವ ಮಾತು.

1894ರಲ್ಲಿ ಗ್ರಿಮ್ಸ್‌ಪೌಂಡನ್ನು ಅಗೆದ ತಂಡದ ಮುಂದಾಳುಗಳಲ್ಲಿ ಸೇಬೈನ್ ಬೇರಿಂಗ್-ಗೂಲ್ಡ್ ಒಬ್ಬ. ಪಾದ್ರಿ, ಕಾದಂಬರಿಕಾರ, ಜನಪದ ಹಾಡುಗಳ ಸಂಗ್ರಾಹಕ, ‘ಆನ್‌ವರ್ಡ್ ಕ್ರಿಶ್ಚಿಯನ್ ಸೋಲ್ಜರ್ಸ್’ ಎಂಬ ಚರ್ಚ್ ಗೀತೆಯ ಕರ್ತೃ. ಅವನೂ ರಾಬರ್ಟ್ ಬರ್ನಾರ್ಡ್ ಮೊದಲಾದವರೂ ಸೇರಿ ಮನೆಯೊಂದಾದ ಮೇಲೊಂದು ತೆರೆದರು. ಒಲೆ, ಇದ್ದಿಲು, ಚಕಮಕಿ ಕಲ್ಲಿನ ಚಕ್ಕೆ, ಮಡಕೆಯ ಕೆಲವು ಚೂರು ಸಿಕ್ಕವು. ಮೂಳೆ ಇಲ್ಲ, ಬಟ್ಟೆ ಇಲ್ಲ, ಮರ ಇಲ್ಲ. ಗ್ರಾನೈಟಿನ ಮೇಲಿನ ಹುಳಿಮಣ್ಣು ಅವನ್ನೆಲ್ಲ ತಿಂದುಬಿಡುತ್ತದೆ. ಅವರು ಬಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸಿದರು, ಗೋಡೆಗಳನ್ನೂ ತಿದ್ದಿದರು. ಮುಂದಿನ ತಲೆಮಾರಿನ ವಿದ್ವಾಂಸರು ಇದಕ್ಕಾಗಿ ಅವರನ್ನು ಬೈದದ್ದು ನ್ಯಾಯವೇ. ಆದರೂ ಒಂದು ಉಪಕಾರವನ್ನು ನೆನೆಯಬೇಕು. ಅವರಿಗಿಂತ ಮುಂಚೆ ಅಲ್ಲಿನ ಕಲ್ಲುಗಳನ್ನೆಲ್ಲ ಡ್ರೂಯಿಡ್ ಪುರೋಹಿತರ ಯಜ್ಞವೇದಿಕೆ ಎಂದು ಹೇಳಿ ಮುಗಿಸುವ ರೂಢಿಯಿತ್ತು. ಮಳೆಗಾಳಿಗೆ ಸವೆದು ಬಂಡೆಯ ಮೇಲಾದ ಕುಳಿಗಳನ್ನೂ ಬಲಿಯ ರಕ್ತ ಹಿಡಿಯುವ ಬಟ್ಟಲು ಎನ್ನುತ್ತಿದ್ದರು. ಪುರೋಹಿತರ ಜಾಗದಲ್ಲಿ ಒಲೆ ಹೊತ್ತಿಸಿ ಅಡುಗೆ ಮಾಡಿದ ಸಂಸಾರಸ್ಥರನ್ನು ತಂದು ಕೂರಿಸಿದವರು ಬೇರಿಂಗ್-ಗೂಲ್ಡನ ತಂಡದವರು.

ಮನೆಗಳು ಗೊತ್ತಾದವು, ಆದರೆ ಅವುಗಳ ಹೊಲ ಎಲ್ಲಿ? ಡಾರ್ಟ್‌ಮೂರಿನ ಅತಿ ದೊಡ್ಡ ವಿಷಯ ಇದು, ಮತ್ತು ಅತಿ ತಡವಾಗಿ ಕಣ್ಣಿಗೆ ಬಿದ್ದದ್ದೂ ಇದೇ. ಬಯಲಿನುದ್ದಕ್ಕೂ ಹುಲ್ಲು ಮುಚ್ಚಿದ ತಗ್ಗು ಕಲ್ಲುಬದುಗಳು ಹಾದುಹೋಗುತ್ತವೆ. ಅವಕ್ಕೆ ಅಲ್ಲಿಯವರ ಹೆಸರು ರೀವ್. ಎತ್ತರ ಮೊಣಕಾಲಿಗಿಂತ ಹೆಚ್ಚಿಲ್ಲ, ಅಗಲ ಒಂದೆರಡು ಮೀಟರ್. ಹಿಂದೆ ಕೆಲವರು ಇವನ್ನು ಹಳೆಯ ದಾರಿ ಎಂದರು, ಕೆಲವರು ಮಧ್ಯಯುಗದ ಗಡಿ ಎಂದರು, ಹೆಚ್ಚಿನವರು ಏನೂ ಅನ್ನದೆ ಮೆಟ್ಟಿಕೊಂಡು ಹೋದರು. 1970ರ ದಶಕದಲ್ಲಿ ಆಂಡ್ರ್ಯೂ ಫ್ಲೆಮಿಂಗ್ ಎಂಬ ಪುರಾತತ್ವಜ್ಞ ಇವುಗಳ ಬೆನ್ನು ಹತ್ತಿದ. ಒಂದೊಂದೇ ಬದುವಿನ ಜೊತೆ ನಡೆದು, ನಕ್ಷೆಯಲ್ಲಿ ಗುರುತಿಸುತ್ತ ಹೋದಂತೆ ಅವನಿಗೆ ಕಂಡದ್ದು ಬಿಡಿ ಗೋಡೆಗಳಲ್ಲ, ಒಂದು ಇಡೀ ಸೀಮೆಯ ಜಮೀನು ಹಂಚಿಕೆ. ಗುಡ್ಡದ ಮೇಲೆ ಅಡ್ಡಲಾಗಿ ಒಂದು ಉದ್ದನೆಯ ಬದು. ಅದರ ಆಚೆಗೆ ಎಲ್ಲರಿಗೂ ಸೇರಿದ ಮೇವಿನ ಬಯಲು. ಈಚೆಗೆ ಆ ಬದುವಿಗೆ ತಾಗಿಕೊಂಡು ಒಂದಕ್ಕೊಂದು ಸಮಾನಾಂತರವಾಗಿ ಹತ್ತಾರು ಬದುಗಳು, ನಡುವೆ ಉದ್ದುದ್ದ ಪಟ್ಟಿಗಳು, ಪಟ್ಟಿಗಳೊಳಗೆ ಚಿಕ್ಕ ಹೊಲಗಳು, ಹೊಲಗಳ ನಡುವೆ ಮನೆಗಳು.

ಬೆರಗಾಗಬೇಕಾದದ್ದು ಆ ಗೆರೆಗಳ ಹಟಕ್ಕೆ. ಸಾಮಾನ್ಯವಾಗಿ ರೈತನ ಬದು ನೆಲದ ಮಾತು ಕೇಳುತ್ತದೆ. ಹಳ್ಳ ಬಂದರೆ ತಿರುಗುತ್ತದೆ, ದಿಣ್ಣೆ ಬಂದರೆ ಬಳಸುತ್ತದೆ. ರೀವ್‌ಗಳು ಹಾಗಲ್ಲ. ಡಾರ್ಟ್‌ಮೀಟ್ ಹತ್ತಿರ ಡಾರ್ಟ್ ನದಿಯ ಆಳದ ಕಣಿವೆ ಎದುರಾದರೂ ಗೆರೆ ಬಾಗುವುದಿಲ್ಲ. ಈಚಿನ ದಂಡೆಯಲ್ಲಿ ಇಳಿದು ಆಚಿನ ದಂಡೆಯಲ್ಲಿ ಅದೇ ದಿಕ್ಕಿಗೆ ಏರುತ್ತದೆ. ಕೈಯಲ್ಲಿ ಅಳತೆಯ ಉಪಕರಣವಿಲ್ಲದ, ಬರವಣಿಗೆ ತಿಳಿಯದ ಜನ ಸಾವಿರಾರು ಹೆಕ್ಟೇರ್ ನೆಲದ ಮೇಲೆ ಇಂಥ ಗೆರೆ ಎಳೆದರು. ಕಾಲ ಸುಮಾರು ಕ್ರಿ.ಪೂ. 1700ರಿಂದ 1500ರ ಆಸುಪಾಸು. ಹೋಲ್ನ್ ಮೂರ್ ಎಂಬಲ್ಲಿ ಫ್ಲೆಮಿಂಗ್ ಅಗೆದಾಗ ಕಲ್ಲುಬದುವಿನ ಅಡಿಯಲ್ಲಿ ಗೂಟ ನೆಟ್ಟ ಸಣ್ಣ ಕುಳಿಗಳ ಸಾಲು ಸಿಕ್ಕಿತು. ಮೊದಲು ಮರದ ಬೇಲಿ ಹಾಕಿ, ಬೇಲಿ ಲಡ್ಡಾದ ಮೇಲೆ ಅದೇ ಗೆರೆಯಲ್ಲಿ ಕಲ್ಲು ಇಟ್ಟಿದ್ದರು. ಒಮ್ಮೆ ಒಪ್ಪಿದ ಗಡಿಯನ್ನು ಮುಂದಿನವರೂ ಒಪ್ಪಿ ನಡೆದರು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾದರೆ ಗೆರೆ ಎಳೆಯಿರಿ ಎಂದು ಹೇಳಿದವರು ಯಾರು? ಇಷ್ಟು ದೊಡ್ಡ ಕೆಲಸ ಎಂದೊಡನೆ ರಾಜನನ್ನೋ ದೊರೆಯನ್ನೋ ಹುಡುಕುವುದು ನಮಗೆಲ್ಲ ಅಭ್ಯಾಸ. ಫ್ಲೆಮಿಂಗ್ 1988ರಲ್ಲಿ ತನ್ನ ‘ದಿ ಡಾರ್ಟ್‌ಮೂರ್ ರೀವ್ಸ್’ ಪುಸ್ತಕದಲ್ಲಿ ಈ ಅಭ್ಯಾಸವನ್ನು ಪ್ರಶ್ನಿಸಿದ. ಅರಮನೆಯ ಗುರುತಿಲ್ಲ, ಮನೆಮನೆಗೂ ಅಂಥ ಹೆಚ್ಚುಕಡಿಮೆ ಇಲ್ಲ; ಮೇವನ್ನೂ ನೀರನ್ನೂ ಕೂಡಿ ಬಳಸುತ್ತಿದ್ದ ನೆರೆಹೊರೆಯವರು ಕೂತು ಮಾತಾಡಿ ಮಾಡಿದ ಹಂಚಿಕೆ ಇದು ಎಂಬುದು ಅವನ ವಾದ. ಈಚಿನ ಕೆಲವು ವಿದ್ವಾಂಸರು ಇದನ್ನು ಇನ್ನೊಂದು ಬಗೆಯಲ್ಲಿ ನೋಡುತ್ತಾರೆ. ಒಂದೇ ಸಲಕ್ಕೆ ಆದ ಯೋಜನೆಯಲ್ಲ, ಹಲವು ತಲೆಮಾರು ಒಂದು ದಿಕ್ಕಿಗೆ ಕಟ್ಟುತ್ತ ಹೋದದ್ದು ಕೊನೆಗೆ ಯೋಜನೆಯಂತೆ ಕಾಣುತ್ತಿದೆ ಎನ್ನುತ್ತಾರೆ. ಎರಡರಲ್ಲಿ ಯಾವುದು ನಿಜವಾದರೂ ಒಂದು ಮಾತು ಉಳಿಯುತ್ತದೆ. ಮೂರೂವರೆ ಸಾವಿರ ವರ್ಷದ ಹಿಂದೆ ಅಲ್ಲಿ ಹೊಲಕ್ಕೂ ಗೋಮಾಳಕ್ಕೂ ನಡುವೆ ಗೆರೆ ಇತ್ತು, ಆ ಗೆರೆಗೆ ಬೆಲೆ ಇತ್ತು.

ಬಯಲಿನ ನೈಋತ್ಯ ಅಂಚಿನ ಷಾ ಮೂರ್ ಬಳಿ ಚೀನೀಮಣ್ಣಿನ ಗಣಿಯವರು ತ್ಯಾಜ್ಯ ಸುರಿಯಲು ಜಾಗ ಕೇಳಿದಾಗ, 1976ರಿಂದ ಕೆಲವು ವರ್ಷ ಜೆಫ್ರಿ ವೇನ್‌ರೈಟ್‌ನ ಮುಂದಾಳತ್ವದಲ್ಲಿ ಅಲ್ಲಿ ದೊಡ್ಡ ಉತ್ಖನನ ನಡೆಯಿತು. ಒಂದು ರೀವಿನ ಪಕ್ಕದ ಚರಂಡಿಯ ಕೆಸರಿನಲ್ಲಿ ದನ, ಕುರಿ ಮತ್ತು ಚಿಕ್ಕ ಕುದುರೆಗಳ ಗೊರಸಿನ ಗುರುತು ಅಚ್ಚೊತ್ತಿದಂತೆ ಸಿಕ್ಕಿತು. ಸುಮಾರು 3,500 ವರ್ಷ ಹಳೆಯವು. ಮೂಳೆಯನ್ನು ಉಳಿಸದ ಮಣ್ಣು ಹೆಜ್ಜೆಯನ್ನು ಉಳಿಸಿತ್ತು. ಕಲ್ಲಿನ ಪುರಾತತ್ವ ಓದುವಾಗ ಮೇಯುವ ಪ್ರಾಣಿಗಳು ಮರೆತುಹೋಗುತ್ತವೆ. ಆ ಬದು ಇದ್ದದ್ದೇ ಅವು ಬೆಳೆಗೆ ನುಗ್ಗದಿರಲಿ ಎಂದು.

ಬದುಗಳಿಗಿಂತ ಹಳೆಯವು ಸತ್ತವರಿಗೂ ದೇವರಿಗೂ ಸಂಬಂಧಿಸಿದ ಕಲ್ಲುಗಳು. ಡ್ರೂಸ್ಟೇನ್ಟನ್ ಬಳಿಯ ಸ್ಪಿನ್‌ಸ್ಟರ್ಸ್ ರಾಕ್ ನವಶಿಲಾಯುಗದ ಸಮಾಧಿ. ಮೂರು ಕಾಲುಗಲ್ಲುಗಳ ಮೇಲೆ ದೊಡ್ಡ ಚಪ್ಪಡಿ. 1862ರಲ್ಲಿ ಕುಸಿಯಿತು, ಅದೇ ವರ್ಷ ಮತ್ತೆ ನಿಲ್ಲಿಸಿದರು. ಶಿಲಾವೃತ್ತಗಳಿವೆ, ನಿಲಸುಗಲ್ಲುಗಳಿವೆ. ಡ್ರಿಝಲ್‌ಕೂಮ್‌ನಲ್ಲಿರುವ ನಿಲಸುಗಲ್ಲು 4 ಮೀಟರಿಗೂ ಎತ್ತರ. ಇವೆಲ್ಲಕ್ಕಿಂತ ಡಾರ್ಟ್‌ಮೂರಿಗೇ ವಿಶೇಷವೆನ್ನಬಹುದಾದದ್ದು ಕಲ್ಲಿನ ಸಾಲುಗಳು. 70ಕ್ಕೂ ಹೆಚ್ಚು ಸಾಲುಗಳು ಸಿಕ್ಕಿವೆ. ಅರ್ಮ್ ನದಿಯ ಮೇಲ್ಭಾಗದಲ್ಲಿ ಒಂದು ಸಾಲು ಹೊಳೆ ದಾಟಿ, ಕೆಸರು ದಾಟಿ 3 ಕಿಲೋಮೀಟರಿಗೂ ಉದ್ದ ಸಾಗುತ್ತದೆ. ಕಲ್ಲುಗಳು ದೊಡ್ಡವೇನಲ್ಲ, ಹಲವು ಮೊಣಕಾಲುದ್ದ. ಮೆರಿವೇಲ್‌ನಲ್ಲಿ ಜೋಡಿ ಸಾಲುಗಳು ನಡುವೆ ಕಿರುದಾರಿ ಬಿಟ್ಟುಕೊಂಡು ನಿಂತಿವೆ. ಹದಿನೇಳನೇ ಶತಮಾನದಲ್ಲಿ ಟಾವಿಸ್ಟಾಕ್ ಪಟ್ಟಣಕ್ಕೆ ಪ್ಲೇಗ್ ಬಡಿದಾಗ ಹಳ್ಳಿಯವರು ದವಸಧಾನ್ಯ ತಂದು ಈ ಕಲ್ಲುಗಳ ನಡುವೆ ಇಟ್ಟು ಹೋಗುತ್ತಿದ್ದರೆಂದು ಅಲ್ಲಿನ ಜನ ಹೇಳುತ್ತಾರೆ. ಕಟ್ಟಿದವರ ಉದ್ದೇಶ ಮೆರವಣಿಗೆಯೋ, ಸತ್ತವರ ದಾರಿಯೋ, ಕಟ್ಟುವ ಕೆಲಸವೇ ಒಂದು ವ್ರತವೋ. ಸಾಲಿನ ಒಂದು ತುದಿಯಲ್ಲಿ ಅನೇಕ ಕಡೆ ಕಲ್ಗುಪ್ಪೆಯ ಸಮಾಧಿ ಇರುವುದರಿಂದ ಸಾವಿನ ನಂಟು ಖಂಡಿತ.

ಇಷ್ಟು ವರ್ಷ ಹುಡುಕಿದ ಮೇಲೂ ಬಯಲು ಬರಿದಾಗಿಲ್ಲ. 2004ರಲ್ಲಿ ಟಾಮ್ ಗ್ರೀವ್ಸ್ ಕಟ್ ಹಿಲ್ ಎಂಬ ದೂರದ ನೆತ್ತಿಯಲ್ಲಿ ಪೀಟಿನೊಳಗೆ ಅಡ್ಡಬಿದ್ದ ಒಂಬತ್ತು ಕಲ್ಲುಗಳ ಸಾಲನ್ನು ಕಂಡ. ಕಲ್ಲಿನ ಮೇಲಿನ ಮತ್ತು ಕೆಳಗಿನ ಪೀಟಿನ ಕಾಲ ಲೆಕ್ಕ ಹಾಕಿದಾಗ ಈ ಸಾಲು ಕಂಚಿನ ಯುಗಕ್ಕಿಂತ ಹಿಂದೆ, ನವಶಿಲಾಯುಗಕ್ಕೆ ಹೋಯಿತು. 2007ರಲ್ಲಿ ಆಲನ್ ಎಂಡಕಾಟ್ ಸಿಟಾಫರ್ಡ್ ಬಳಿ 34 ಮೀಟರ್ ಅಡ್ಡಗಲದ ಒಂದು ಶಿಲಾವೃತ್ತವನ್ನು ಗುರುತಿಸಿದ. ಕಲ್ಲುಗಳೆಲ್ಲ ಮಲಗಿದ್ದವು, ಪೀಟ್ ಹೊದ್ದಿದ್ದವು. ಡಾರ್ಟ್‌ಮೂರಿನ ಎತ್ತರದ ಭಾಗದಲ್ಲಿ ನೂರು ವರ್ಷದಿಂದ ಹೊಸ ವೃತ್ತ ಸಿಕ್ಕಿರಲಿಲ್ಲ.

ಇಲ್ಲೊಂದು ಕನ್ನಡ ನಾಡಿನ ನಂಟು ಬರುತ್ತದೆ. ಡಾರ್ಟ್‌ಮೂರಿನ ಕಂಚಿನ ಯುಗದವರು ಸತ್ತವರನ್ನು ಸುಟ್ಟು, ಬೂದಿಯನ್ನು ನಾಲ್ಕು ಚಪ್ಪಡಿಗಳ ಚಿಕ್ಕ ಕಲ್ಲುಪೆಟ್ಟಿಗೆಯಲ್ಲಿಟ್ಟು ಮೇಲೊಂದು ಚಪ್ಪಡಿ ಮುಚ್ಚುತ್ತಿದ್ದರು. ಈ ಪೆಟ್ಟಿಗೆಗೆ ಅಲ್ಲಿನ ಹೆಸರು ಕಿಸ್ಟ್‌ವೇನ್. ಸುರಪುರ ಸಂಸ್ಥಾನದ ಆಡಳಿತವನ್ನು 1840ರ ದಶಕದಿಂದ 1853ರವರೆಗೆ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್, ಅಲ್ಲಿನ ರಾಜನ ಕೋಳೂರು, ಜೇವರ್ಗಿ ಸುತ್ತಲಿನ ಬೃಹತ್ ಶಿಲಾ ಸಮಾಧಿಗಳನ್ನು ಅಗೆದು, ಅಳೆದು, ಚಿತ್ರ ಬರೆದು ಪ್ರಬಂಧ ಪ್ರಕಟಿಸಿದಾಗ ಬಳಸಿದ್ದು ಇದೇ ಕಿಸ್ಟ್‌ವೇನ್ ಎಂಬ ಹೆಸರು. ನಮ್ಮ ಜನ ಮೋರ್ಯರ ಮನೆ, ಪಾಂಡವರ ಮನೆ ಎನ್ನುತ್ತಿದ್ದ ಕಲ್ಲುಕೋಣೆಗಳಲ್ಲಿ ಅವನು ತನ್ನ ದ್ವೀಪದ ಕಲ್ಲುಗಳನ್ನೇ ಕಂಡು, ಎರಡನ್ನೂ ಕಟ್ಟಿದ್ದು ಒಂದೇ ಕುಲವಿರಬಹುದೆಂದು ಯೋಚಿಸಿದ. ಆ ಯೋಚನೆ ನಿಲ್ಲಲಿಲ್ಲ. ನಮ್ಮವು ಮುಖ್ಯವಾಗಿ ಕಬ್ಬಿಣ ಯುಗದವು, ಡಾರ್ಟ್‌ಮೂರಿನವು ಅದಕ್ಕಿಂತ ಬಹಳ ಹಿಂದಿನವು, ನಡುವೆ ಯಾವ ವಲಸೆಯ ಸುಳಿವೂ ಇಲ್ಲ. ಆದರೆ ಗೋರಿಗಳನ್ನು ನಿಧಿಗಾಗಿ ಒಡೆಯುತ್ತಿದ್ದ ಕಾಲದಲ್ಲಿ, ಮಣ್ಣಿನ ಪದರಗಳನ್ನು ಸೀಳುಚಿತ್ರವಾಗಿ ಬರೆದಿಟ್ಟ ಅವನ ಎಚ್ಚರ ದೊಡ್ಡದು. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎಷ್ಟೋ ಜನ ಆ ಎಚ್ಚರವಿಲ್ಲದೆ ಅಗೆಯುತ್ತಿದ್ದರು.

ಡಾರ್ಟ್‌ಮೂರಿನ ಕಲ್ಲುಪೆಟ್ಟಿಗೆಗಳಲ್ಲಿ ಬಹಳಷ್ಟು ಎಂದೋ ಬರಿದಾದವು. ಹಾಗಾಗಿ ವೈಟ್‌ಹಾರ್ಸ್ ಹಿಲ್‌ನಲ್ಲಿ 2011ರ ಆಗಸ್ಟಿನಲ್ಲಿ ಸಿಕ್ಕಿದ್ದನ್ನು ಎಷ್ಟು ಹೇಳಿದರೂ ಕಡಿಮೆ. ಉತ್ತರ ಭಾಗದ ಸುಮಾರು 600 ಮೀಟರ್ ಎತ್ತರದ ಆ ನೆತ್ತಿಯಲ್ಲಿ ಸುತ್ತಲಿನ ಪೀಟ್ ಹೋಗಿ, ಒಂದು ಪೀಟ್ ದಿಬ್ಬ ಮಾತ್ರ ಉಳಿದಿತ್ತು. ದಿಬ್ಬದ ಪಕ್ಕದಿಂದ ಒಂದು ಚಪ್ಪಡಿ ಹೊರಚಾಚಿ ಬಿದ್ದದ್ದು ಹತ್ತು ವರ್ಷ ಹಿಂದೆಯೇ ಕಂಡಿತ್ತು. ಪೀಟ್ ಒಣಗಿ ಉದುರುತ್ತಲೇ ಇದ್ದುದರಿಂದ, ಇನ್ನು ಬಿಟ್ಟರೆ ಏನೂ ಉಳಿಯದೆಂದು ಉದ್ಯಾನದ ಪುರಾತತ್ವಜ್ಞೆ ಜೇನ್ ಮಾರ್ಚಂಡ್ ತಂಡದೊಂದಿಗೆ ಅಗೆಯಲು ಹೋದರು. ಮುಚ್ಚಳ ಎತ್ತಿದಾಗ ಒಳಗೆ ಒದ್ದೆ ಪೀಟ್, ಅದರೊಳಗೆ ಕೂದಲಿನಂಥ ಏನೋ ಇತ್ತು. ಅಲ್ಲೇ ಕೆದಕದೆ, ಇಡೀ ಮುದ್ದೆಯನ್ನು ಹಾಗೇ ಎತ್ತಿ ಪ್ರಯೋಗಾಲಯಕ್ಕೆ ಒಯ್ದು ತಿಂಗಳುಗಟ್ಟಲೆ ಬಿಡಿಸಿದರು.

ಒಳಗಿದ್ದದ್ದು ಹದಿನೈದರಿಂದ ಇಪ್ಪತ್ತೈದು ವರ್ಷದೊಳಗಿನ ಒಬ್ಬರ, ಬಹುಶಃ ಒಬ್ಬ ತರುಣಿಯ, ಸುಟ್ಟ ಎಲುಬುಗಳು. ಅವನ್ನು ಕರಡಿಯ ಚರ್ಮದಲ್ಲಿ ಸುತ್ತಿದ್ದರು. ಜೊತೆಗೆ ಮರದ ನಾರಿನಿಂದ ಹೆಣೆದ ಮುಚ್ಚಳದ ಬುಟ್ಟಿ. ಅದರ ಹೊಲಿಗೆ ದನದ ಕೂದಲಿನದು. ಬುಟ್ಟಿಯಲ್ಲಿ 200ಕ್ಕೂ ಹೆಚ್ಚು ಮಣಿಗಳು. ಹಲವು ಮಣ್ಣಿನವು, ಹಲವು ಡಾರ್ಸೆಟ್ ಕರಾವಳಿಯಿಂದ ಬಂದ ಕಪ್ಪು ಷೇಲ್ ಕಲ್ಲಿನವು. ಏಳು ಮಣಿ ಆಂಬರ್‌ನವು, ಬಾಲ್ಟಿಕ್ ಸಮುದ್ರದ ಕಡೆಯ ಸರಕು. ಒಂದು ತವರದ್ದು. ದನದ ಕೂದಲಿನಲ್ಲಿ ಹೆಣೆದು 30ಕ್ಕೂ ಹೆಚ್ಚು ಪುಟ್ಟ ತವರದ ಗುಬಟುಗಳನ್ನು ಕೂರಿಸಿದ ಕೈಪಟ್ಟಿ. ತುರಿಕೆಗಿಡದ ನಾರಿನ ನೇಯ್ಗೆಗೆ ಎಳಗರುವಿನ ತೊಗಲಿನ ತ್ರಿಕೋನಗಳ ಅಂಚು ಹಚ್ಚಿದ ಒಂದು ಪಟ್ಟಿ. ಮರದಲ್ಲಿ ತಿರುಗಿಸಿ ಮಾಡಿದ ಎರಡು ಜೊತೆ ಗುಂಡಿಗಳು. ಒಂದು ಜೊತೆ ಕಿವಿಗೆ ತೊಡುವಂಥದ್ದು. ಕಾಲ ಸುಮಾರು ಕ್ರಿ.ಪೂ. 1700. ಈಕೆ ರೀವ್‌ಗಳನ್ನು ಕಟ್ಟುತ್ತಿದ್ದ ಜನರ ಅಜ್ಜಿಯೋ ಅಕ್ಕನೋ ಆಗಿದ್ದಿರಬಹುದಾದ ಕಾಲ. ಬೇರಿಂಗ್-ಗೂಲ್ಡನಿಗೆ ಒಲೆ ಮತ್ತು ಇದ್ದಿಲು ಮಾತ್ರ ಸಿಕ್ಕಿದ್ದ ಆ ಮನೆಗಳ ಜನ ಏನು ಉಡುತ್ತಿದ್ದರು, ಯಾವ ಹೊಲಿಗೆ ಹಾಕುತ್ತಿದ್ದರು, ಎಷ್ಟು ದೂರದವರ ಜೊತೆ ಕೊಟ್ಟು ಕೊಳ್ಳುವುದಿತ್ತು ಎಂಬುದು ಈ ಒಂದು ಪೆಟ್ಟಿಗೆಯಿಂದ ತಿಳಿಯಿತು. ಬರಿಗಲ್ಲಿನ ಯುಗ ಎಂದು ನಾವು ಕರೆದ ಕಾಲದಲ್ಲಿ ಕಲ್ಲಿಗಿಂತ ಹೆಚ್ಚಾಗಿ ಇದ್ದದ್ದು ನಾರು, ಕೂದಲು, ತೊಗಲು, ಮರ. ಹುಳಿಮಣ್ಣು ಅವನ್ನು ತಿಂದು ಕಲ್ಲನ್ನು ಬಿಟ್ಟದ್ದರಿಂದ ನಮಗೆ ಆ ಜನ ಒರಟರಂತೆ ಕಂಡರು. ಈ ಮಾತು ಡಾರ್ಟ್‌ಮೂರಿಗೆ ಮಾತ್ರ ಅನ್ವಯಿಸುವುದಲ್ಲ.

ಕ್ರಿ.ಪೂ. 1000ದ ಸುತ್ತಿನಲ್ಲಿ ಮೇಲಿನ ಮನೆಗಳು ಖಾಲಿಯಾದವು. ಚಳಿ ಮಳೆ ಹೆಚ್ಚಿದವು, ನೆಲ ಸತ್ವ ಕಳೆದುಕೊಂಡಿತು. ಜನ ತಪ್ಪಲಿಗೆ ಇಳಿದರು, ದನ ಮಾತ್ರ ಬೇಸಿಗೆಯಲ್ಲಿ ಮೇಲೆ ಹೋಗುವುದನ್ನು ಬಿಡಲಿಲ್ಲ.

ಎರಡು ಸಾವಿರ ವರ್ಷಗಳಾದ ಮೇಲೆ ಮತ್ತೆ ಮನುಷ್ಯರು ಮೇಲೇರಿ ಒಕ್ಕಲಾದರು. ಹೌಂಡ್ ಟಾರ್ ಕೆಳಗೆ ಪಾಳು ಬಿದ್ದ ಒಂದು ಹಳ್ಳಿ ಇದೆ. 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಹೌಂಡ್ ಟಾರ್ ಟಾವಿಸ್ಟಾಕ್ ಮಠದ ಆಸ್ತಿ. ಈಗ ಕಾಣುವ ಕಲ್ಲುಮನೆಗಳು ಹದಿಮೂರನೇ ಶತಮಾನದವು. ಉದ್ದನೆಯ ಮನೆ, ಮೇಲ್ತುದಿಯಲ್ಲಿ ಒಲೆ ಮತ್ತು ಸಂಸಾರ, ಕೆಳತುದಿಯಲ್ಲಿ ಕೊಟ್ಟಿಗೆ, ನಡುವೆ ಇಬ್ಬರಿಗೂ ಒಂದೇ ಬಾಗಿಲು. ಮನೆಯನ್ನು ಇಳಿಜಾರಿಗೆ ಉದ್ದಕ್ಕೆ ಕಟ್ಟಿ ಗಂಜಲ ಕೆಳಕ್ಕೆ ಹರಿದುಹೋಗುವಂತೆ ನೆಲದಲ್ಲಿ ಕಾಲುವೆ ಬಿಟ್ಟಿದ್ದಾರೆ. ಪಕ್ಕದಲ್ಲಿ ಕಾಳು ಒಣಗಿಸುವ ಗೂಡುಗಳುಳ್ಳ ಕಣಜಮನೆಗಳು. ಅಲ್ಲಿನ ಬಿಸಿಲು ತೆನೆ ಒಣಗಿಸಲು ಸಾಲುತ್ತಿರಲಿಲ್ಲ. ಬೆಂಕಿ ಹಾಕಿ ಒಣಗಿಸಿದರಷ್ಟೇ ಧಾನ್ಯ. ಹದಿನಾಲ್ಕನೇ ಶತಮಾನದಲ್ಲಿ ಹವೆ ಇನ್ನೂ ಹದಗೆಟ್ಟಿತು, 1348ರಲ್ಲಿ ಮಹಾಮಾರಿ ಪ್ಲೇಗ್ ಬಂತು. ಊರೆಲ್ಲ ಪ್ಲೇಗಿಗೆ ಸತ್ತಿತು ಎಂಬ ಮಾತು ಪ್ರವಾಸಿಗರಿಗೆ ರುಚಿಸುತ್ತದೆ. ಆದರೆ ತಪ್ಪಲಿನ ಒಳ್ಳೆಯ ಹೊಲಗಳ ಒಕ್ಕಲು ಸತ್ತು ಜಮೀನು ಖಾಲಿಯಾದಾಗ ಇಲ್ಲಿ ಬದುಕಿ ಉಳಿದವರು ಅಲ್ಲಿಗೆ ಇಳಿದು ಹೋದರು ಎನ್ನುವುದು ಹೆಚ್ಚು ನಂಬುವಂಥದ್ದು. ಗೂಡು ಕಟ್ಟಿ ಕಾಳು ಒಣಗಿಸುವ ಕಷ್ಟವನ್ನು ಯಾರಾದರೂ ಯಾಕೆ ಪಡಬೇಕು, ಕೆಳಗೆ ಹೊಲ ಸಿಕ್ಕುವಾಗ?

ಬೇಸಾಯಗಾರರಿಗಿಂತ ಹೆಚ್ಚಾಗಿ ಕಣಿವೆಗಳನ್ನು ಬುಡಮೇಲು ಮಾಡಿದವರು ತವರದವರು. ಹೊಳೆಯ ಮರಳಿನಲ್ಲಿ ಕೂತ ತವರದ ಅದಿರನ್ನು ನೀರು ಹಾಯಿಸಿ ತೊಳೆದು ತೆಗೆಯುತ್ತಿದ್ದರು. 1201ರಲ್ಲಿ ಜಾನ್ ದೊರೆ ಅವರಿಗೆ ಹಕ್ಕುಪತ್ರ ಕೊಟ್ಟ. ಯಾರ ನೆಲವಾದರೂ ಅಗೆಯಬಹುದು, ಯಾವ ನೀರನ್ನಾದರೂ ತಿರುಗಿಸಬಹುದು. ಅವರಿಗೆ ತಮ್ಮದೇ ನ್ಯಾಯಾಲಯ, ಲಿಡ್‌ಫರ್ಡ್‌ನಲ್ಲಿ ತಮ್ಮದೇ ಸೆರೆಮನೆ, ಕ್ರಾಕರ್ನ್ ಟಾರಿನ ಬಂಡೆಗಳ ಮೇಲೆ ತಮ್ಮದೇ ಮಹಾಸಭೆ. ತೊಳೆದ ಮಣ್ಣು ನದಿಗಳಲ್ಲಿ ಇಳಿದು ಬಂದರುಗಳಲ್ಲಿ ಹೂಳು ತುಂಬಿತು. ಇದನ್ನು ತಡೆಯಲು ರಿಚರ್ಡ್ ಸ್ಟ್ರೋಡ್ ಎಂಬ ಸಂಸತ್ ಸದಸ್ಯ ಮಸೂದೆ ತರಹೊರಟಾಗ ತವರದ ನ್ಯಾಯಾಲಯ ದಂಡ ಹಾಕಿ ಅವನನ್ನು ಲಿಡ್‌ಫರ್ಡ್‌ನ ಕತ್ತಲಕೋಣೆಗೆ ತಳ್ಳಿತು. ಅವನ ಮೇಲಿನ ದಂಡವನ್ನು ರದ್ದುಮಾಡಲು ಬಂದದ್ದೇ 1512ರ ಕಾಯಿದೆ. ಸದನದಲ್ಲಿ ಆಡಿದ ಮಾತಿಗಾಗಿ ಸದಸ್ಯನನ್ನು ಹೊರಗಿನ ನ್ಯಾಯಾಲಯ ಶಿಕ್ಷಿಸಬಾರದೆಂಬ ತತ್ವ ಆ ಕಾಯಿದೆಯಿಂದ ಬೆಳೆದು ನಮ್ಮ ಸಂವಿಧಾನದ 105 ಮತ್ತು 194ನೇ ವಿಧಿಗಳವರೆಗೂ ಬಂದಿದೆ. ಆ ತೊಳೆತದ ಕಲ್ಲುರಾಶಿಗಳು ಇಂದಿಗೂ ಹೊಳೆಗಳ ಎರಡೂ ಬದಿಗೆ ಹುಲ್ಲು ಬೆಳೆದು ಬಿದ್ದಿವೆ.

ಆಮೇಲಿನದು ಬೇಗ ಹೇಳಬಹುದಾದ ಕತೆ. ಮೊಲ ಸಾಕಲು ಕಟ್ಟಿದ ಮಣ್ಣದಿಬ್ಬಗಳು, ಊರಿಗೆ ನೀರು ಒಯ್ಯುವ ಕಾಲುವೆಗಳು, ಪೀಟ್ ಕಡಿದ ಗುಂಡಿಗಳು. 1820ರಲ್ಲಿ ಹೇಟಾರ್ ಕ್ವಾರಿಯಿಂದ ಕಲ್ಲು ಸಾಗಿಸಲು ಹಾಕಿದ ಹಳಿದಾರಿಗೆ ಹಳಿಯೂ ಗ್ರಾನೈಟಿನದೇ. 1831ರಲ್ಲಿ ತೆರೆದ ಲಂಡನ್ ಸೇತುವೆಗೆ ಹೋದ ಕಲ್ಲು ಅದರ ಮೇಲೆ ಉರುಳಿತು. ನೆಪೋಲಿಯನ್ ಯುದ್ಧದ ಸೆರೆಯಾಳುಗಳಿಗಾಗಿ 1809ರಲ್ಲಿ ತೆರೆದ ಪ್ರಿನ್ಸ್‌ಟೌನ್ ಜೈಲು. ಉತ್ತರಕ್ಕೆ ಸೈನ್ಯದ ಗುಂಡಿನ ತರಬೇತಿ ಬಯಲು.

ಇಷ್ಟೆಲ್ಲ ಒಂದರ ಮೇಲೊಂದು ಕೂತರೂ ಹಳೆಯದು ಉಳಿದದ್ದು ಹೇಗೆ? ತಪ್ಪಲಿನ ಫಲವತ್ತಾದ ನೆಲದಲ್ಲೂ ಇಷ್ಟೇ ಬದು, ಇಷ್ಟೇ ಮನೆ ಇದ್ದಿರಬೇಕು. ನೇಗಿಲು ಅವನ್ನು ಅಳಿಸಿತು. ಮೇಲೆ ನೇಗಿಲು ನಿಲ್ಲಲಿಲ್ಲ. ಇನ್ನೊಂದು ಕಾರಣ, ಉದ್ಯಾನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೆಲ ಇಂದಿಗೂ ಸಾಮೂಹಿಕ ಮೇವಿನ ಬಯಲು. ನೆಲದ ಒಡೆತನ ರಾಜಮನೆತನದ ಡಚಿ ಆಫ್ ಕಾರ್ನ್‌ವಾಲ್‌ಗೋ ಬೇರೆಯವರಿಗೋ ಇರಬಹುದು, ಮೇಯಿಸುವ ಹಕ್ಕು ಸುತ್ತಲಿನ ಒಕ್ಕಲುಗಳದ್ದು. 1985ರ ಡಾರ್ಟ್‌ಮೂರ್ ಕಾಮನ್ಸ್ ಕಾಯಿದೆ ಆ ಹಕ್ಕನ್ನು ನೋಡಿಕೊಳ್ಳಲು ಮಂಡಳಿ ಕೊಟ್ಟಿತು, ಸಾರ್ವಜನಿಕರಿಗೆ ಅಲ್ಲಿ ಓಡಾಡುವ ಹಕ್ಕನ್ನೂ ಕೊಟ್ಟಿತು. ಅದೇ ಕಾಯಿದೆಯ ಬಲದಿಂದ ಬಯಲಿನಲ್ಲಿ ರಾತ್ರಿ ಡೇರೆ ಹಾಕಿ ತಂಗುವ ಹಕ್ಕು ಉಂಟೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಬಯಲಿನಲ್ಲಿ ಕಾಣುವ ಕುದುರೆಗಳನ್ನು ಪ್ರವಾಸಿಗರು ಕಾಡುಕುದುರೆ ಎನ್ನುತ್ತಾರೆ. ಅವೆಲ್ಲಕ್ಕೂ ಒಡೆಯರಿದ್ದಾರೆ. ಪ್ರತಿ ವರ್ಷ ಶರತ್ಕಾಲದಲ್ಲಿ ಅಟ್ಟಿಕೊಂಡು ಬಂದು ಗುರುತು ನೋಡಿ ಬೇರ್ಪಡಿಸುತ್ತಾರೆ.

ಈಗಿನ ತಕರಾರು ಈ ಮೇಯುವ ಪ್ರಾಣಿಗಳ ಸಂಖ್ಯೆಯದು. ಎರಡನೇ ಮಹಾಯುದ್ಧದ ನಂತರ ತಲೆಗಿಷ್ಟೆಂದು ಸಹಾಯಧನ ಸಿಕ್ಕುತ್ತಿದ್ದಾಗ ಕುರಿಗಳು ವಿಪರೀತ ಹೆಚ್ಚಿ ಹೀದರ್ ಪೊದೆ ನಾಶವಾಯಿತು. ಅದನ್ನು ಸರಿಪಡಿಸಲು ಸಂಖ್ಯೆ ಇಳಿಸಿದರು, ಚಳಿಗಾಲದಲ್ಲಿ ದನ ಬಿಡುವುದನ್ನು ಕಡಿಮೆ ಮಾಡಿದರು. ಆಗ ಮೊಲಿನಿಯಾ ಎಂಬ ಒರಟು ಹುಲ್ಲು ಸೊಂಟದೆತ್ತರ ಬೆಳೆದು ಬಯಲನ್ನು ಹಿಡಿಯಿತು. ಬಲಿತ ಮೇಲೆ ಕುರಿ ಅದನ್ನು ಮೂಸುವುದಿಲ್ಲ, ದನವೂ ಕುದುರೆಯೂ ತುಳಿದು ಮುರಿಯಬಲ್ಲವು. ಈ ಹುಲ್ಲಿನಡಿ ಬದುಗಳು ಮುಳುಗುತ್ತಿವೆ. ಬ್ರಾಕನ್ ಜರೀಗಿಡದ ಬೇರುಗಡ್ಡೆಗಳು ಮನೆಗಳ ನೆಲದೊಳಗೆ ಹೊಕ್ಕು ಪದರಗಳನ್ನು ಕಲಸುತ್ತಿವೆ. ಪುರಾತತ್ವಕ್ಕೇ ಮೊದಲ ಆದ್ಯತೆ ಎಂದು ಕೆಲವು ಪ್ರದೇಶಗಳನ್ನು ಉದ್ಯಾನದವರು ಗುರುತಿಸಿಟ್ಟಿದ್ದಾರೆ, ಮೆರಿವೇಲ್ ಅಂಥದ್ದೊಂದು. ಅಲ್ಲೂ ಪೊದೆ ಕಡಿಯುವುದು ಮನುಷ್ಯರಿಂದ ಮುಗಿಯುವ ಕೆಲಸವಲ್ಲ. ನಿಸರ್ಗ ಸಂರಕ್ಷಣೆಯ ಅಧಿಕಾರಿಗಳಿಗೂ ಒಕ್ಕಲುಗಳಿಗೂ ಜಗಳ ಬಿಗಿದಾಗ ಸರ್ಕಾರ ಡೇವಿಡ್ ಫರ್ಸ್‌ಡನ್ ಅಧ್ಯಕ್ಷತೆಯಲ್ಲಿ ಒಂದು ಸ್ವತಂತ್ರ ಪರಾಮರ್ಶೆ ಮಾಡಿಸಿತು. 2023ರ ಡಿಸೆಂಬರಿನಲ್ಲಿ ಬಂದ ಆ ವರದಿಯೂ ಮೊಲಿನಿಯಾವನ್ನು ತಗ್ಗಿಸಬೇಕು, ಅದಕ್ಕೆ ದನ ಕುದುರೆಗಳ ಮೇವು ಬೇಕು ಎಂದಿತು.

ಪ್ರಾಣಿಗಳನ್ನು ತೆಗೆದು ನೆಲವನ್ನು ಅದರ ಪಾಡಿಗೆ ಬಿಡಿ, ಕಾಡು ಮರಳಿ ಬರಲಿ ಎನ್ನುವವರೂ ಇದ್ದಾರೆ. ಅವರ ಕಾಳಜಿ ಸುಳ್ಳಲ್ಲ. ಕಣಿವೆಗಳಲ್ಲಿ ವಿಸ್ಟ್‌ಮನ್ಸ್ ವುಡ್‌ನಂಥ ಕುಳ್ಳ ಓಕ್ ತೋಪುಗಳು ಇನ್ನಷ್ಟು ಹಬ್ಬಿದರೆ ಒಳ್ಳೆಯದೇ. ಆದರೆ ಹಲವು ಸಾವಿರ ವರ್ಷ ಮೇಯ್ದು ಬೋಳಾಗಿ ಉಳಿದ ನೆಲದಲ್ಲಿ ‘ಅದರ ಪಾಡು’ ಯಾವುದು? ಮನುಷ್ಯ ಮತ್ತು ದನ ಇಲ್ಲದ ಡಾರ್ಟ್‌ಮೂರ್ ಎಂದೋ ಬೇಟೆಗಾರರ ಕಾಲದಲ್ಲಿ ಮುಗಿಯಿತು. ಮರಗಳ ಬೇರು ರೀವ್‌ಗಳನ್ನು ಎಬ್ಬಿಸಿದರೆ ಯುರೋಪಿನಲ್ಲಿ ಇಷ್ಟು ದೊಡ್ಡದಾಗಿ ಉಳಿದ ಕಂಚಿನ ಯುಗದ ಜಮೀನು ನಕ್ಷೆ ಮತ್ತೆ ಸಿಕ್ಕದು.

ಪೀಟಿನ ವಿಷಯದಲ್ಲಿ ಇನ್ನೊಂದು ಇಕ್ಕಟ್ಟಿದೆ. ಹಳೆಯ ಕಡಿತಗಳಿಂದಲೂ ಸವೆತದಿಂದಲೂ ಒಣಗಿರುವ ಪೀಟನ್ನು ಮತ್ತೆ ಒದ್ದೆ ಮಾಡಲು ಕೊರಕಲುಗಳಿಗೆ ಅಡ್ಡಗಟ್ಟೆ ಹಾಕುವ ಕೆಲಸ ನಡೆಯುತ್ತಿದೆ. ಇಂಗಾಲ ಹಿಡಿದಿಡಲು, ಕೆಳಗಿನ ಊರುಗಳಿಗೆ ನೆರೆ ತಗ್ಗಿಸಲು ಅದು ಬೇಕು. ವೈಟ್‌ಹಾರ್ಸ್ ಹಿಲ್‌ನಂಥ ಪೆಟ್ಟಿಗೆಗಳಿಗೂ ಅದು ಬೇಕು, ಏಕೆಂದರೆ ಬುಟ್ಟಿಯನ್ನೂ ಕರಡಿಚರ್ಮವನ್ನೂ 3,700 ವರ್ಷ ಕಾಪಾಡಿದ್ದು ನೀರು ತುಂಬಿದ ಪೀಟ್. ಆದರೆ ಅಡ್ಡಗಟ್ಟೆಗೆ ಯಂತ್ರ ಅಗೆಯುವ ಜಾಗದಲ್ಲೇ ಇನ್ನೊಂದು ಪೆಟ್ಟಿಗೆ ಇದ್ದರೆ ಹಲ್ಲು ತಾಗಿದ ಕ್ಷಣಕ್ಕೆ ಅದು ಹೋಯಿತು. ಬದುಗಳ ಮೇಲೆ ಹುಲ್ಲು ಗಿಡ್ಡವಾಗಿರಬೇಕು, ಗೋರಿಗಳ ಮೇಲೆ ನೆಲ ಒದ್ದೆಯಾಗಿರಬೇಕು. ದನ ತುಳಿಯದೆ ಮೊದಲನೆಯದು ಆಗದು, ಅವೇ ದನ ಜೌಗಿಗೆ ಇಳಿದರೆ ಎರಡನೆಯದು ಕೆಡುತ್ತದೆ. ಆದ್ದರಿಂದ ಇಡೀ ಬಯಲಿಗೆ ಇಷ್ಟೇ ದನ ಎಂದು ಕಚೇರಿಯಲ್ಲಿ ಕೂತು ಒಂದು ಅಂಕಿ ಬರೆದರೆ ನಡೆಯುವುದಿಲ್ಲ. ಯಾವ ಗುಡ್ಡಕ್ಕೆ ಎಷ್ಟು, ಯಾವ ತಿಂಗಳಲ್ಲಿ ಎಂಬುದನ್ನು ಆ ಗುಡ್ಡದಲ್ಲಿ ಮೇಯಿಸುವ ಒಕ್ಕಲು, ಅದರಡಿ ಏನಿದೆ ಎಂದು ಬಲ್ಲ ಪುರಾತತ್ವಜ್ಞ ಮತ್ತು ಸಸ್ಯ ನೋಡುವವರು ಜೊತೆಗೆ ನಡೆದು ನೋಡಿ ಗೊತ್ತುಮಾಡಬೇಕಾಗುತ್ತದೆ.